ಹಳೇ ಆಯಿಲ್ ಹೇಳುವ ಎಂಜಿನ್ ಸುದ್ದಿ

ಗೊಬ್ಬರ ಹಾಕುವ ಮೊದಲು ಮಣ್ಣು ಪರೀಕ್ಷೆ ಮಾಡಸ್ತೀವಿ. ಟ್ರ್ಯಾಕ್ಟರ್ ಎಂಜಿನ್ ಬಿಚ್ಚುವ ಮೊದಲು ಅದರ ಆಯಿಲ್ ಪರೀಕ್ಷೆ ಮಾಡಿಸುವುದೂ ಅಷ್ಟೇ ಅವಶ್ಯ ಅಂತ ನನ್ನ ಅನುಭವ.

ನಮ್ಮದು ತಿಕೋಟಾ ಕಡೆ ಮಳೆ ನಂಬಿದ ಭೂಮಿ. ಮಳೆ ಕೈಕೊಟ್ಟ ವರ್ಷ ಟ್ರ್ಯಾಕ್ಟರ್ ಬಾಡಿಗೆನೇ ಆಧಾರ. ಕಬ್ಬಿನ ಹಂಗಾಮಿನಾಗ ಬಬಲೇಶ್ವರ ಸುತ್ತಲಿನ ಹೊಲಗಳಿಂದ ಎರಡು ಟ್ರೇಲರ್ ತುಂಬಿಕೊಂಡು ಕೃಷ್ಣಾನಗರದ ನಂದಿ ಸಹಕಾರಿ ಸಕ್ಕರೆ ಕಾರ್ಖಾನೆಗೆ ಹೋಗ್ತೇನಿ. ಮ್ಯಾಲ ಭಾರ, ಕೆಳಗ ಧೂಳು. ಹಂಗಾಮಿನ ನಡುವೆ ಎಂಜಿನ್ ಬಿಚ್ಚಿದರೆ ರಿಪೇರಿ ಖರ್ಚೂ ಬಂತು, ಬಾಡಿಗೆನೂ ಹೋತು.

ಬಣ್ಣ ನೋಡಿ ಹೇಳಲಿಕ್ಕೆ ಆಗೂದಿಲ್ಲ

ಡೀಸೆಲ್ ಎಂಜಿನ್ ಆಯಿಲ್ ಹಾಕಿದ ಸ್ವಲ್ಪೇ ದಿನಕ್ಕೆ ಕಪ್ಪಾಗ್ತದ. ಡೀಸೆಲ್ ಉರಿದ ಮಸಿಯನ್ನು ತಳಕ್ಕೆ ಕೂಡಗೊಡದೆ ಹಿಡಿದಿಟ್ಟುಕೊಳ್ಳುವುದು ಆಯಿಲ್ ಕೆಲಸ. ಕಪ್ಪಾಯಿತು ಅಂದರ ಕೆಟ್ಟಿತು ಅಂತಲ್ಲ. ಬಣ್ಣ ಚಲೋ ಇದ್ದರೂ ಒಳಗ ಸವೆತ ನಡದಿರಬಹುದು. ಅದನ್ನು ಪ್ರಯೋಗಶಾಲೆಯೇ ಹೇಳಬೇಕು. ಅಮೆರಿಕದ ರೈಲ್ವೆಯವರು 1940ರ ದಶಕದಲ್ಲೇ ಈ ಪರೀಕ್ಷೆ ಶುರು ಮಾಡಿದರು. ನಮ್ಮ ರೈಲ್ವೆಯ ಡೀಸೆಲ್ ಶೆಡ್ಡುಗಳಲ್ಲೂ ಇದು ರೂಢಿಯಲ್ಲಿದೆ. ನಾನು ಆಯಿಲ್ ಮಾರುವವರ ಮೂಲಕ ವಿಜಯಪುರದಿಂದ ಕಳಸ್ತೇನಿ.

ರಿಪೋರ್ಟ್ ಓದುವ ಬಗೆ

ರಿಪೋರ್ಟಿನಲ್ಲಿ ಒಂದೊಂದು ಲೋಹದ ಮುಂದೆ ಪಿಪಿಎಂ ಅಂತ ಒಂದು ಸಂಖ್ಯೆ ಇರ್ತದ. ಹತ್ತು ಲಕ್ಷ ಭಾಗ ಆಯಿಲ್‌ನಲ್ಲಿ ಎಷ್ಟು ಭಾಗ ಆ ಲೋಹ ಅಂತ ಅದರ ಅರ್ಥ. ಒಂದೇ ಸಂಖ್ಯೆ ಹಿಡಿದು ಗಾಬರಿ ಆಗಬಾರದು. ಯಾವ್ಯಾವುದು ಜೋಡಿಯಾಗಿ ಏರಿದೆ ಅಂತ ನೋಡಬೇಕು.

* ಸಿಲಿಕಾನ್, ಅಲ್ಯೂಮಿನಿಯಂ ಜೊತೆಗೆ ಕಬ್ಬಿಣ, ಕ್ರೋಮಿಯಂ ಏರಿದರೆ: ಧೂಳು ಒಳಗ ಹೋಗಿ ಲೈನರ್, ಪಿಸ್ಟನ್, ರಿಂಗ್ ಸವೀತಾವ. ಮಣ್ಣಿನಲ್ಲಿ ಸಿಲಿಕಾನ್, ಅಲ್ಯೂಮಿನಿಯಂ ಎರಡೂ ಇರ್ತಾವ.
* ಸಿಲಿಕಾನ್ ಒಂದೇ ಏರಿ ಉಳಿದವು ಇದ್ದಲ್ಲೇ ಇದ್ದರೆ: ಹೊಸದಾಗಿ ಹಚ್ಚಿದ ಗ್ಯಾಸ್ಕೆಟ್ ಪೇಸ್ಟಿನಿಂದ ಬಂದಿರಬಹುದು.
* ಸೀಸ, ತಾಮ್ರ ಕೂಡಿ ಏರಿದರೆ: ಬೇರಿಂಗ್ ಕಡೆ ಲಕ್ಷ್ಯ ಕೊಡ್ರಿ.
* ಸೋಡಿಯಂ ಏರಿದರೆ, ಅದರಲ್ಲೂ ನೀರಿನ ಅಂಶ ಕಂಡರೆ: ರೇಡಿಯೇಟರ್ ನೀರು ಎಲ್ಲೋ ಒಳಗ ಸೋರತದ.
* ಡೀಸೆಲ್ ಅಂಶ ಬಂದು ಆಯಿಲ್ ತೆಳ್ಳಗಾಗಿದ್ದರೆ: ಇಂಜೆಕ್ಟರ್, ಪಂಪ್ ತೋರಿಸ್ರಿ. ಗೇಜ್ ಕಡ್ಡಿಯಲ್ಲಿ ಆಯಿಲ್ ಮಟ್ಟ ತಾನಾಗೇ ಏರಿದರೂ ಇದೇ ಸಂಶಯ.
* ಮಸಿ ಹೆಚ್ಚಾಗಿ ಆಯಿಲ್ ದಪ್ಪ ಆಗಿದ್ದರೆ: ಭಾರ ಅತಿಯಾಗಿದೆ, ಇಲ್ಲವೇ ಗಾಳಿ ಸಾಲದೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ.

ತಾಸಿನ ಲೆಕ್ಕ ಬಿಡಬ್ಯಾಡ್ರಿ

ಆಯಿಲ್ ಎಷ್ಟು ತಾಸು ಓಡಿದೆ ಅನ್ನುವುದು ಗೊತ್ತಿಲ್ಲದಿದ್ದರೆ ಸಂಖ್ಯೆಗೆ ಬೆಲೆ ಇಲ್ಲ. ನನ್ನ ಟ್ರ್ಯಾಕ್ಟರಿನ ಮೊದಲ ರಿಪೋರ್ಟಿನಲ್ಲಿ 200 ತಾಸಿಗೆ ಕಬ್ಬಿಣ 40, ಸಿಲಿಕಾನ್ 14 ಇತ್ತು. ಮುಂದಿನದರಲ್ಲಿ 180 ತಾಸಿಗೇ ಕಬ್ಬಿಣ 90, ಸಿಲಿಕಾನ್ 46. ನೂರು ತಾಸಿಗೆ 20 ಇದ್ದ ಕಬ್ಬಿಣ 50ಕ್ಕೆ ಹೋಗಿತ್ತು. ಅಲ್ಯೂಮಿನಿಯಂ, ಕ್ರೋಮಿಯಂ ಕೂಡ ಏರಿದ್ದವು.

ಎಂಜಿನ್ ಕೆಲಸಕ್ಕೆ ಬಂದದ, ಬಿಚ್ಚೂದೇ ಚಲೋ ಅಂತ ಮೇಸ್ತ್ರಿ ಅಂದ. ಜೋಡಿ ನೋಡಿದರೆ ಧೂಳಿನ ಗುರುತು. ಅದಕ್ಕೆ ಮೊದಲು ಗಾಳಿ ಬರುವ ದಾರಿ ನೋಡಿದೆವು. ಏರ್ ಕ್ಲೀನರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪ್ ಕ್ಲಿಪ್ಪಿನ ಕೆಳಗೆ ಬಿರುಕು ಬಿಟ್ಟಿತ್ತು. ಹೊರಗಿನಿಂದ ಕಾಣುತ್ತಿರಲಿಲ್ಲ. ಪೈಪ್ ಒಳಗೆ ಬಿಳಿ ಬಟ್ಟೆಯಿಂದ ಒರಸಿದರೆ ಮಣ್ಣು ಹತ್ತಿತು. ಪೈಪ್, ಕ್ಲಿಪ್, ಫಿಲ್ಟರ್, ಆಯಿಲ್ ಬದಲಿಸಿ ಮತ್ತೆ 200 ತಾಸು ಓಡಿಸಿದ ಮೇಲೆ ಕಬ್ಬಿಣ 44, ಸಿಲಿಕಾನ್ 15. ಎಂಜಿನ್ ಬಿಚ್ಚುವ ಪ್ರಸಂಗ ಬರಲಿಲ್ಲ. ಸವೆದದ್ದು ತಿರುಗಿ ಬರೂದಿಲ್ಲ, ಮುಂದಿನ ಸವೆತ ಮಾತ್ರ ನಿಂತಿತು.

ಬಿಳಿ ಬಟ್ಟೆಯ ಈ ಪರೀಕ್ಷೆಗೆ ಖರ್ಚಿಲ್ಲ. ಎಂಜಿನ್ ಬಂದ್ ಇಟ್ಟು ಯಾರು ಬೇಕಾದರೂ ಮಾಡಬಹುದು. ಆಯಿಲ್ ತುಂಬುವ ಹಳೇ ನಮೂನೆಯ ಏರ್ ಕ್ಲೀನರ್ ಇದ್ದವರು ಬಟ್ಟಲಿನ ಕೆಸರು ತೆಗೆದು, ಗುರುತಿನ ತನಕ ಅಷ್ಟೇ ಆಯಿಲ್ ಹಾಕ್ರಿ. ಕಾಗದದ ಫಿಲ್ಟರ್ ಇದ್ದವರು ಜೋರು ಗಾಳಿ ಹೊಡಿಬ್ಯಾಡ್ರಿ, ಕಾಗದ ತೂತು ಬೀಳ್ತದ.

ಮಾದರಿ ತೆಗೆಯುವುದು

ಎಂಜಿನ್ ಓಡಿಸಿ ಬಿಸಿ ಮಾಡಿ ಬಂದ್ ಮಾಡ್ರಿ. ಡ್ರೇನ್ ಬೋಲ್ಟಿನ ಸುತ್ತ ಒರಸಿ ಬಿಚ್ಚಿ, ಮೊದಲ ಧಾರೆ ಬಿಟ್ಟು ನಡುವಿನ ಧಾರೆ ಹಿಡೀರಿ. ಕೈ ಸುಡದಂಗ ನೋಡಿಕೊಳ್ರಿ. ತೊಳೆದು ಪೂರ್ತಿ ಒಣಗಿದ ಬಾಟ್ಲಿ ಬೇಕು. ಒಂದು ಹನಿ ನೀರಿದ್ದರೂ ರಿಪೋರ್ಟ್ ಸುಳ್ಳು ಹೇಳ್ತದ. ಬಾಟ್ಲಿ ಮೇಲೆ ಎಂಜಿನ್ ತಾಸು, ಆಯಿಲ್ ತಾಸು, ಆಯಿಲ್ ಹೆಸರು, ನಡುವೆ ಎಷ್ಟು ಲೀಟರ್ ಹಾಕಿದಿರಿ ಅಂತ ಬರೀರಿ. ನಡುವೆ ಹೊಸ ಆಯಿಲ್ ಸೇರಿಸಿದರೆ ಲೋಹದ ಸಂಖ್ಯೆ ಕಡಿಮೆ ಕಾಣ್ತದ. ಒಮ್ಮೆ ಹೊಸ ಆಯಿಲ್ ಮಾದರಿಯನ್ನೂ ಕಳಿಸಿದರೆ ಹೋಲಿಸಿ ನೋಡಲು ಅನುಕೂಲ.

ಒಂದು ಮಿತಿ ನೆನಪಿರಲಿ. ಈ ಪರೀಕ್ಷೆಗೆ ಸಣ್ಣ ಕಣ ಮಾತ್ರ ಸಿಗ್ತಾವ. ಬೇರಿಂಗ್ ಚೂರಾಗಿ ಉದುರಿದ ದಪ್ಪ ಲೋಹ ಲೆಕ್ಕಕ್ಕೆ ಬರೂದಿಲ್ಲ. ತೆಗೆದ ಆಯಿಲ್ ಫಿಲ್ಟರ್ ಕತ್ತರಿಸಿ ಹಾಳೆ ಬಿಡಿಸಿ ನೋಡ್ರಿ. ಮಿಂಚುವ ಚೂರು ಕಂಡರೆ, ರಿಪೋರ್ಟ್ ಚಲೋ ಇದ್ದರೂ ಗಾಡಿ ನಿಲ್ಲಿಸ್ರಿ.

ವರ್ಷಪೂರ್ತಿ ಮಾಡಿಸಬೇಕಂತಿಲ್ಲ. ಹಂಗಾಮಿನ ಮೊದಲು ಒಂದು, ನಡುವೆ ಒಂದು ಸಾಕು. ರಿಪೋರ್ಟುಗಳನ್ನು ಒಂದೇ ವಹಿಯಲ್ಲಿ ಅಂಟಿಸಿ ಇಡ್ರಿ. ಎಂಜಿನ್ ಬಿಚ್ಚಬೇಕು ಅಂತ ಮೇಸ್ತ್ರಿ ಅಂದ ದಿನ ಆ ವಹಿ ಅವನ ಮುಂದೆ ಇಟ್ಟು ಮಾತಾಡ್ರಿ.