ಹಳೆಯ ಲ್ಯಾಪ್‌ಟಾಪಿಗೆ ಹೊಸ ಮಾನಿಟರು

ಹದಿನಾಲ್ಕು ಅಂಗುಲದ ಪರದೆಯ ಮೇಲೆ ಶಾಸನ ಸಂಪುಟದ ಹಾಳೆಯೊಂದನ್ನು ಓದಲು ಯತ್ನಿಸಿದವರಿಗೆಲ್ಲ ಅದರ ಕಷ್ಟ ಗೊತ್ತು. ಇಡಿಯ ಹಾಳೆ ಕಾಣುವಂತೆ ಇಟ್ಟರೆ ಒತ್ತಕ್ಷರಗಳು ಮಸುಕಾಗುತ್ತವೆ. ಒತ್ತಕ್ಷರ ಕಾಣುವಂತೆ ಹಿಗ್ಗಿಸಿದರೆ ಸಾಲಿನ ತುದಿ ಪರದೆಯಿಂದಾಚೆಗೆ ಹೋಗುತ್ತದೆ. ಹಂಪೆಯನ್ನು ಮಗ್ಗುಲಲ್ಲಿಟ್ಟುಕೊಂಡು ಇತಿಹಾಸವನ್ನೋ ಕನ್ನಡವನ್ನೋ ಓದುವ ನಮಗೆ ಇದು ನಿತ್ಯದ ಪಾಡು. ಇಪ್ಪತ್ತನಾಲ್ಕು ಅಂಗುಲದ ಮಾನಿಟರೊಂದನ್ನು ಜೋಡಿಸಿಕೊಂಡರೆ ಈ ತೊಂದರೆ ಬಹುಮಟ್ಟಿಗೆ ನೀಗುತ್ತದೆ. ಆದರೆ ನಮ್ಮಲ್ಲಿ ಅನೇಕರ ಬಳಿ ಇರುವುದು ಹಳೆಯ ಲ್ಯಾಪ್‌ಟಾಪು. ೨೦೨೦ರ ಸುಮಾರಿನಲ್ಲಿ ರಾಜ್ಯ ಸರ್ಕಾರವು ಸರ್ಕಾರಿ ಪದವಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ಹಂಚಿದುದು ಅಕ್ಕನಿಂದ ತಮ್ಮನಿಗೆ ಬಂದಿರಬಹುದು; ಅದಕ್ಕಿಂತಲೂ ಹಿಂದಿನದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡಿರಬಹುದು. ಸಂಡೂರಿನಿಂದಲೋ ಕಂಪ್ಲಿಯಿಂದಲೋ ಹೊಸಪೇಟೆಗೆ ಬಂದು, ಕೇಬಲು ಕೊಂಡು, ಮನೆಯಲ್ಲಿ ಸಿಕ್ಕಿಸಿ, ಚಿತ್ರ ಮೂಡದೆ ಮರುದಿನ ಮತ್ತೆ ಬಸ್ಸು ಹತ್ತುವುದು ಯಾರಿಗೂ ಸುಖವಲ್ಲ. (ವಿದ್ಯಾರ್ಥಿನಿಯರಿಗೆ ೨೦೨೩ರಿಂದ ಸರ್ಕಾರಿ ಬಸ್ಸು ಉಚಿತ, ಹೊತ್ತು ಉಚಿತವಲ್ಲ.) ಆದಕಾರಣ ಕೊಳ್ಳುವ ಮೊದಲೇ ತಿಳಿದಿರತಕ್ಕ ನಾಲ್ಕು ಮಾತು ಇಲ್ಲಿ ಬರೆದಿದೆ.

ಮೊದಲು ಲ್ಯಾಪ್‌ಟಾಪಿನ ಪಕ್ಕದ ತೂತುಗಳನ್ನು ನೋಡಬೇಕು. ಮೂರು ಸಾಲುಗಳಲ್ಲಿ ಹದಿನೈದು ಸಣ್ಣ ರಂಧ್ರಗಳುಳ್ಳ, ಬಹುಶಃ ನೀಲಿ ಬಣ್ಣದ ಅಗಲವಾದ ಮುಖವಿದ್ದರೆ ಅದು ವಿ.ಜಿ.ಎ.; ೧೯೮೭ರಲ್ಲಿ ಐ.ಬಿ.ಎಂ. ಸಂಸ್ಥೆ ಹೊರತಂದದ್ದು. ತೆಳುವಾಗಿ, ಕೆಳಗಿನ ಎರಡು ಮೂಲೆ ಒಳಕ್ಕೆ ಸರಿದಿದ್ದರೆ ಎಚ್.ಡಿ.ಎಂ.ಐ.; ಅದು ೨೦೦೨ರದು. ಒಂದೇ ಮೂಲೆ ಕತ್ತರಿಸಿದಂತಿದ್ದರೆ ಡಿಸ್‌ಪ್ಲೇಪೋರ್ಟು. ಈಗಿನ ಮಾನಿಟರುಗಳಲ್ಲಿ ಹೆಚ್ಚಾಗಿ ಇರುವುದು ಕಡೆಯ ಎರಡು. ಎರಡೂ ಕಡೆ ಎಚ್.ಡಿ.ಎಂ.ಐ. ಇದ್ದವರಿಗೆ ಒಂದು ಸಾದಾ ಕೇಬಲು ಸಾಕು. ತೊಡಕೆಲ್ಲ ಲ್ಯಾಪ್‌ಟಾಪಿನಲ್ಲಿ ವಿ.ಜಿ.ಎ. ಮಾತ್ರ ಇದ್ದವರದು.

ಅವರು ಒಂದು ತುದಿಯಲ್ಲಿ ವಿ.ಜಿ.ಎ., ಇನ್ನೊಂದು ತುದಿಯಲ್ಲಿ ಎಚ್.ಡಿ.ಎಂ.ಐ. ಇರುವ ಬರಿಯ ತಂತಿಯನ್ನು ಕೊಂಡರೆ ಕೆಲಸ ಆಗದು. ಏಕೆಂದರೆ ಇವೆರಡರ ಭಾಷೆಯೇ ಬೇರೆ. ವಿ.ಜಿ.ಎ. ಹುಟ್ಟಿದ್ದು ಗಾಜಿನ ಕೊಳವೆಯ ಮಾನಿಟರಿನ ಕಾಲದಲ್ಲಿ. ಕೆಂಪು, ಹಸಿರು, ನೀಲಿ, ಈ ಮೂರು ಬಣ್ಣಗಳು ಎಷ್ಟೆಷ್ಟು ಪ್ರಖರವಾಗಿರಬೇಕೆಂಬುದನ್ನು ಏರಿಳಿಯುವ ವಿದ್ಯುತ್ತಿನ ಒತ್ತಡದಿಂದ ಅದು ತಿಳಿಸುತ್ತದೆ. ಎಚ್.ಡಿ.ಎಂ.ಐ. ಆದರೋ ಎಲ್ಲವನ್ನೂ ಸೊನ್ನೆ ಮತ್ತು ಒಂದು ಎಂಬ ಅಂಕಿಗಳಲ್ಲಿಯೇ ಕಳುಹಿಸುತ್ತದೆ. ನಡುವೆ ಒಬ್ಬ ದುಭಾಷಿ ಬೇಕು. ಕನ್ವರ್ಟರ್ ಎಂದು ಅಂಗಡಿಗಳಲ್ಲಿ ದೊರೆಯುವ, ಒಳಗೆ ಚಿಪ್ಪು ಇರುವ ಸಣ್ಣ ಡಬ್ಬಿಯೇ ಈ ದುಭಾಷಿ. ಇದಕ್ಕೆ ಸಾಮಾನ್ಯವಾಗಿ ಯು.ಎಸ್.ಬಿ. ತಂತಿಯಿಂದ ವಿದ್ಯುತ್ತನ್ನೂ ಕೊಡಬೇಕಾಗುತ್ತದೆ. ವಿ.ಜಿ.ಎ.ಯಲ್ಲಿ ಧ್ವನಿ ಹೋಗುವುದಿಲ್ಲವೆಂಬುದೂ ನೆನಪಿರಲಿ.

ಇನ್ನು ದಿಕ್ಕಿನ ಮಾತು. ವಿ.ಜಿ.ಎ.ಯಿಂದ ಎಚ್.ಡಿ.ಎಂ.ಐ.ಗೆ ಹೋಗುವ ಡಬ್ಬಿ ಬೇರೆ, ಎಚ್.ಡಿ.ಎಂ.ಐ.ಯಿಂದ ವಿ.ಜಿ.ಎ.ಗೆ ಬರುವುದು ಬೇರೆ. ಒಂದನ್ನು ತಿರುಗಿಸಿ ಇನ್ನೊಂದರಂತೆ ಬಳಸಲಾಗದು. ಎರಡನೆಯದು ಹಳೆಯ ಪ್ರೊಜೆಕ್ಟರುಗಳಿಗಾಗಿ ಹೆಚ್ಚು ಮಾರಾಟವಾಗುವುದರಿಂದ ಅಂಗಡಿಯವರು ಕೇಳದೆಯೇ ಅದನ್ನು ಕೊಟ್ಟುಬಿಡುವ ಸಂಭವವುಂಟು. “ಲ್ಯಾಪ್‌ಟಾಪಿನಲ್ಲಿ ವಿ.ಜಿ.ಎ., ಮಾನಿಟರಿನಲ್ಲಿ ಎಚ್.ಡಿ.ಎಂ.ಐ.” ಎಂದು ಬಿಡಿಸಿ ಹೇಳುವುದೇ ಮೇಲು. ಡಿಸ್‌ಪ್ಲೇಪೋರ್ಟಿನಿಂದ ಎಚ್.ಡಿ.ಎಂ.ಐ.ಗೆ ಹೋಗುವ ಅಗ್ಗದ ಕೇಬಲಿಗೂ ಇದೇ ಏಕಮುಖ ಸಂಚಾರದ ನಿಯಮ.

ಹೀಗೆ ಜೋಡಿಸಿದ ಚಿತ್ರ ಎಷ್ಟು ಸ್ಪಷ್ಟವಾಗಿದ್ದೀತು? ಶಾಸನದ ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು, ಮಸಿ ಹಚ್ಚಿ ಪಡಿಯಚ್ಚು ತೆಗೆಯುತ್ತಾರಷ್ಟೆ. ಆ ಪಡಿಯಚ್ಚನ್ನು ನೋಡಿಕೊಂಡು ಇನ್ನೊಂದು ಕಲ್ಲಿನಲ್ಲಿ ಅದೇ ಅಕ್ಷರಗಳನ್ನು ಕೆತ್ತಿದರೆ ಪಾಠ ಉಳಿದೀತು, ಆದರೆ ಅಂಚು ತುಸು ಮೊಂಡಾಗುತ್ತದೆ. ಅಂಕಿಯಿಂದ ಒತ್ತಡಕ್ಕೆ, ಒತ್ತಡದಿಂದ ಮತ್ತೆ ಅಂಕಿಗೆ ಬರುವ ಚಿತ್ರದ ಗತಿಯೂ ಅದೇ. ಲ್ಯಾಪ್‌ಟಾಪಿನಲ್ಲಿ ಎಚ್.ಡಿ.ಎಂ.ಐ. ಇರುವಾಗ ವಿ.ಜಿ.ಎ.ಯನ್ನು ಬಳಸುವುದು ವಿವೇಕವಲ್ಲ.

ಎಚ್.ಡಿ.ಎಂ.ಐ. ಇದ್ದವರಿಗೂ ಒಂದು ಮಿತಿ ಉಂಟು. ಪೂರ್ಣ ಎಚ್.ಡಿ. ಎನಿಸುವ ಪರದೆಯಲ್ಲಿ ಅಡ್ಡಕ್ಕೆ ೧೯೨೦, ಉದ್ದಕ್ಕೆ ೧೦೮೦, ಒಟ್ಟು ೨೦,೭೩,೬೦೦ ಚುಕ್ಕೆಗಳಿವೆ. ‘ಫೋರ್ ಕೆ’ ಪರದೆಯಲ್ಲಿ ಅದರ ನಾಲ್ಕರಷ್ಟು. ಸೆಕೆಂಡಿಗೆ ೬೦ ಸಲ ಚಿತ್ರ ಬದಲಾಗಬೇಕಾದರೆ ಸುಮಾರು ೫೦ ಕೋಟಿ ಚುಕ್ಕೆಗಳ ಸಮಾಚಾರ ಪ್ರತಿ ಸೆಕೆಂಡಿಗೂ ಹರಿಯಬೇಕು. ವಿಜಯನಗರದ ಕಾಲದ ರಾಯ ಕಾಲುವೆ, ಬಸವಣ್ಣ ಕಾಲುವೆಗಳ ನೀರು ಕಂಡ ನಮಗೆ ಇದನ್ನು ವಿವರಿಸಬೇಕಾದುದಿಲ್ಲ: ಗದ್ದೆ ಎಷ್ಟೇ ದೊಡ್ಡದಿದ್ದರೂ ತೂಬು ಬಿಟ್ಟಷ್ಟೇ ನೀರು. ೨೦೦೯ರ ಎಚ್.ಡಿ.ಎಂ.ಐ. ೧.೪ರ ತೂಬಿನಲ್ಲಿ ಫೋರ್ ಕೆ ಚಿತ್ರ ಸೆಕೆಂಡಿಗೆ ೩೦ ಸಲ ಮಾತ್ರ ಬರುತ್ತದೆ. ಬಾಣದ ಗುರುತು ಕುಂಟುತ್ತದೆ. ೨೦೧೩ರ ೨.೦ರಲ್ಲಿ ೬೦ ಸಲ ಬರುತ್ತದೆ. ಹಳೆಯ ಲ್ಯಾಪ್‌ಟಾಪಿಗಾಗಿ ಫೋರ್ ಕೆ ಮಾನಿಟರು ಕೊಳ್ಳುವುದು ದುಂದುವೆಚ್ಚವೆಂದೇ ನನ್ನ ಅಭಿಪ್ರಾಯ. ಪೂರ್ಣ ಎಚ್.ಡಿ. ಧಾರಾಳವಾಗಿ ಸಾಕು.

ಜೋಡಿಸಿದ ಮೇಲೂ ಪರದೆ ಕಪ್ಪಗಿದ್ದರೆ ಗಾಬರಿಯಾಗಬೇಕಿಲ್ಲ. ಮಾನಿಟರಿನ ಗುಂಡಿಯಿಂದ ಸರಿಯಾದ ‘ಇನ್‌ಪುಟ್’ ಆರಿಸಿ, ಬಳಿಕ ವಿಂಡೋಸ್ ಕೀಲಿಯನ್ನು ಹಿಡಿದು ‘ಪಿ’ ಒತ್ತಬೇಕು. ಎರಡರಲ್ಲೂ ಒಂದೇ ಚಿತ್ರ, ಎರಡನ್ನೂ ಸೇರಿಸಿ ಒಂದೇ ಅಂಗಳ, ಹೊರಗಿನದು ಮಾತ್ರ ಎಂಬ ಆಯ್ಕೆಗಳು ಬರುತ್ತವೆ. ಒಂದರಲ್ಲಿ ಶಾಸನದ ಚಿತ್ರ, ಇನ್ನೊಂದರಲ್ಲಿ ನಿಮ್ಮ ಟಿಪ್ಪಣಿ ಇಟ್ಟುಕೊಳ್ಳಲು ಎರಡನೆಯ ರೀತಿ ಬಹಳ ಅನುಕೂಲ. ಎರಡರಲ್ಲೂ ಒಂದೇ ಚಿತ್ರವಿಟ್ಟರೆ ಕೆಲವೊಮ್ಮೆ ಲ್ಯಾಪ್‌ಟಾಪಿನ ೧೩೬೬ಕ್ಕೆ ೭೬೮ರ ಅಳತೆಯೇ ದೊಡ್ಡ ಪರದೆಗೂ ಅಂಟಿಕೊಂಡು ಕನ್ನಡದ ಒತ್ತುಗಳು ಮಬ್ಬಾಗುತ್ತವೆ. ಡಿಸ್‌ಪ್ಲೇ ಸೆಟ್ಟಿಂಗ್ಸಿನಲ್ಲಿ ಮಾನಿಟರಿನ ಸ್ವಂತ ಅಳತೆಯನ್ನೇ ಆರಿಸಬೇಕು.

ಪರದೆ ಒಡೆದ ಲ್ಯಾಪ್‌ಟಾಪನ್ನು ಗುಜರಿಗೆ ಹಾಕುವ ಮುನ್ನವೂ ಇದನ್ನು ಪರೀಕ್ಷಿಸಬಹುದು. ಹೊರಗಿನ ಮಾನಿಟರಿನಲ್ಲಿ ಚಿತ್ರ ಬಂದರೆ ಯಂತ್ರದ ಉಳಿದ ಭಾಗ ಬಹುಮಟ್ಟಿಗೆ ನೆಟ್ಟಗಿದೆಯೆಂದೇ ಅರ್ಥ. ಮುಚ್ಚಳ ಮುಚ್ಚಿದರೂ ನಿದ್ರೆಗೆ ಹೋಗದಂತೆ ‘ಪವರ್ ಆಪ್ಷನ್ಸ್’ನಲ್ಲಿ ಬದಲಾಯಿಸಿ, ಕೀಲಿಮಣೆಯೊಂದನ್ನೂ ಮೌಸನ್ನೂ ಸಿಕ್ಕಿಸಿದರೆ ಅದು ಮೇಜಿನ ಕಂಪ್ಯೂಟರಾಗಿ ಇನ್ನೂ ಕೆಲವು ವರ್ಷ ದುಡಿಯುತ್ತದೆ.