ಪಂಪ್ ನಿಂತರೂ ಇನ್ಸುಲಿನ್ ನಿಲ್ಲಬಾರದು

2019ರ ನವೆಂಬರ್ ಕೊನೆಯ ಶನಿವಾರ. ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ರಜೆ. ಟೈಪ್ 1 ಮಧುಮೇಹವಿರುವ ಎಷ್ಟೋ ಮಕ್ಕಳ ಮೈಮೇಲೆ ಡೆಕ್ಸ್‌ಕಾಮ್ ಕಂಪನಿಯ ಸೆನ್ಸರ್ ಇತ್ತು. ಅದು ಐದೈದು ನಿಮಿಷಕ್ಕೊಮ್ಮೆ ಸಕ್ಕರೆ ಮಟ್ಟ ಅಳೆಯುತ್ತದೆ. ಮಟ್ಟ ತೀರಾ ಇಳಿದರೆ ಪಕ್ಕದ ಕೋಣೆಯಲ್ಲಿ ಮಲಗಿರುವ ಅಪ್ಪ ಅಮ್ಮನ ಫೋನು ಕೂಗಿ ಎಬ್ಬಿಸುತ್ತದೆ. ಆ ವಾರಾಂತ್ಯ ಕಂಪನಿಯ ಸರ್ವರ್ ಕೈಕೊಟ್ಟಿತು. ಸೆನ್ಸರ್ ಅಳೆಯುತ್ತಲೇ ಇತ್ತು, ಮಗುವಿನ ಬಳಿಯಿದ್ದ ಸಾಧನದಲ್ಲಿ ಅಂಕಿಯೂ ಕಾಣುತ್ತಿತ್ತು. ದೂರದ ಫೋನಿಗೆ ಮಾತ್ರ ಏನೂ ತಲುಪಲಿಲ್ಲ. ಫೋನು ಸುಮ್ಮನಿದೆಯೆಂದರೆ ಮಗು ಚೆನ್ನಾಗಿದೆ ಎಂದುಕೊಂಡು ಹಲವರು ನಿದ್ದೆ ಹೋದರು.

2024ರಲ್ಲಿ ಇನ್ನೊಂದು ಬಗೆಯ ತೊಂದರೆ. ಟ್ಯಾಂಡಮ್ ಕಂಪನಿಯ ಇನ್ಸುಲಿನ್ ಪಂಪ್ ಜೊತೆ ಬಳಸುವ ಐಫೋನ್ ಆ್ಯಪ್ ತಾನಾಗಿಯೇ ಮತ್ತೆ ಮತ್ತೆ ಮುಚ್ಚಿ ತೆರೆದುಕೊಳ್ಳುತ್ತ ಪಂಪ್‌ನ ಬ್ಯಾಟರಿಯನ್ನೇ ಬರಿದು ಮಾಡಿತು. ಪಂಪ್ ಅನಿರೀಕ್ಷಿತವಾಗಿ ಆರಿಹೋಗಿ ಇನ್ನೂರಕ್ಕೂ ಹೆಚ್ಚು ಜನರಿಗೆ ತೊಂದರೆಯಾದ ವರದಿಗಳು ಬಂದವು.

ಈ ಕಾಯಿಲೆಯಲ್ಲಿ ಯಂತ್ರ ಕೆಡುವುದು ಏಕೆ ಅಷ್ಟು ಅಪಾಯ? ಟೈಪ್ 1ರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳನ್ನು ನಾಶ ಮಾಡಿರುತ್ತದೆ. ಒಳಗಿನಿಂದ ಇನ್ಸುಲಿನ್ ಬರುವುದಿಲ್ಲವೆಂದೇ ಹೇಳಬೇಕು. ಪಂಪ್ ಹಾಕಿಕೊಂಡವರಿಗೆ ಇನ್ನೂ ಒಂದು ತೊಡಕು: ಅದರಲ್ಲಿ ತುಂಬುವುದು ಬೇಗ ಕೆಲಸ ಮಾಡಿ ಬೇಗ ಮುಗಿದುಹೋಗುವ ಇನ್ಸುಲಿನ್ ಮಾತ್ರ. ಹರಿವು ನಿಂತ ಕೆಲವೇ ಗಂಟೆಗಳಲ್ಲಿ ದೇಹದಲ್ಲಿ ಉಳಿಕೆ ಎಂಬುದೇ ಇರುವುದಿಲ್ಲ. ಆಗ ಸಕ್ಕರೆ ಏರುತ್ತದೆ, ದೇಹ ಕೊಬ್ಬನ್ನು ಉರಿಸತೊಡಗುತ್ತದೆ, ಕೀಟೋನ್‌ಗಳು ಸೇರಿ ರಕ್ತ ಆಮ್ಲೀಯವಾಗುತ್ತದೆ. ವಾಂತಿ, ಹೊಟ್ಟೆನೋವು, ಏದುಸಿರು ಶುರುವಾದರೆ ಆಸ್ಪತ್ರೆಗೇ ಓಡಬೇಕು.

ಪಂಪ್ ಯಾವಾಗಲೂ ಎಚ್ಚರಿಸುತ್ತದೆ ಎನ್ನುವಂತಿಲ್ಲ. ಚರ್ಮದೊಳಗಿನ ಸಣ್ಣ ಪ್ಲಾಸ್ಟಿಕ್ ಕೊಳವೆ ಮಡಚಿಕೊಂಡರೆ ಒತ್ತಡ ಹೆಚ್ಚಾಗಿ ಅಲಾರಂ ಹೊಡೆಯುತ್ತದೆ, ಅದೂ ಕೆಲವೊಮ್ಮೆ ತಡವಾಗಿ. ಕೊಳವೆ ಜಾರಿ ಇನ್ಸುಲಿನ್ ಹೊರಗೆ ಸೋರುತ್ತಿದ್ದರೆ ಒತ್ತಡವೇ ಇಲ್ಲ, ಅಲಾರಂ ಎಲ್ಲಿಂದ ಬರಬೇಕು? ಅನುಭವಸ್ಥರು ಇಂಥಲ್ಲಿ ಮೂಗನ್ನು ನಂಬುತ್ತಾರೆ. ಇನ್ಸುಲಿನ್‌ಗೆ ಬೆರೆಸುವ ಸಂರಕ್ಷಕಕ್ಕೆ ಆಸ್ಪತ್ರೆಯ ವರಾಂಡದಂಥ ಗಾಢ ವಾಸನೆಯಿದೆ. ಪ್ಲಾಸ್ಟರ್ ಒದ್ದೆಯಾಗಿ ಆ ವಾಸನೆ ಬಂದರೆ ಔಷಧ ಮೈಗೆ ಸೇರುತ್ತಿಲ್ಲ. ಕಾರಣ ತಿಳಿಯದೆ ಸಕ್ಕರೆ ಏರಿ ಕೀಟೋನ್ ಕೂಡ ಕಂಡರೆ, ವೈದ್ಯರು ಹೇಳಿದ ಪ್ರಮಾಣವನ್ನು ಸಿರಿಂಜ್ ಅಥವಾ ಪೆನ್ನಿನಿಂದ ಕೊಟ್ಟು ಆಮೇಲೆ ಕೊಳವೆ ಬದಲಿಸುವುದು ಕ್ರಮ. ಪಂಪ್ ರಿಪೇರಿಗೆ ಕೂತು ಇನ್ಸುಲಿನ್ ಮರೆಯುವುದೇ ದೊಡ್ಡ ತಪ್ಪು.

ಆದ್ದರಿಂದ ಪಂಪ್ ಇದ್ದವರ ಚೀಲದಲ್ಲೂ ಪೆನ್, ಗ್ಲುಕೋಮೀಟರ್, ಕೀಟೋನ್ ಸ್ಟ್ರಿಪ್, ಗ್ಲೂಕೋಸ್ ಪುಡಿ ಇರಲೇಬೇಕು. ದಿನವಿಡೀ ಯಾವ ಗಂಟೆಗೆ ಎಷ್ಟು ಯೂನಿಟ್ ಎಂಬ ಲೆಕ್ಕವನ್ನು ಕಾಗದದ ಮೇಲೆ ಬರೆದಿಡುವುದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಪಂಪ್ ಸತ್ತರೆ ಅದರೊಳಗಿನ ಲೆಕ್ಕವೂ ಸಿಗದೆ ಹೋಗಬಹುದು.

ನಮ್ಮಲ್ಲಿ ಇನ್ನೊಂದು ಎಚ್ಚರ ಬೇಕು. ಭಾರತದ ಮೆಡಿಕಲ್ ಶಾಪ್‌ಗಳಲ್ಲಿ ಸಿಗುವ ಇನ್ಸುಲಿನ್ ಬಾಟಲಿಗಳು ಹೆಚ್ಚಾಗಿ ಒಂದು ಮಿಲಿಲೀಟರಿಗೆ 40 ಯೂನಿಟ್‌ನವು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಪಂಪ್ ಮತ್ತು ಪೆನ್ನಿನದು ಸಾಮಾನ್ಯವಾಗಿ 100 ಯೂನಿಟ್‌ನದು, ಅದಕ್ಕೆ ಕಿತ್ತಳೆ ಮುಚ್ಚಳ. ಪಂಪ್ ಕೆಟ್ಟ ಗಡಿಬಿಡಿಯಲ್ಲಿ ಅದರ ಇನ್ಸುಲಿನ್ನನ್ನು ಕೆಂಪು ಸಿರಿಂಜ್‌ಗೆ 10ರ ಗೆರೆವರೆಗೆ ಎಳೆದರೆ ಮೈಗೆ ಹೋಗುವುದು 25 ಯೂನಿಟ್. ಮಗುವೊಂದರ ಪ್ರಜ್ಞೆ ತಪ್ಪಿಸಲು ಅಷ್ಟು ಸಾಕು. ಸರಿಯಾದ ಸಿರಿಂಜ್ ಮೊದಲೇ ಚೀಲದಲ್ಲಿದ್ದರೆ ಈ ಗಂಡಾಂತರವಿಲ್ಲ.

ಪಂಪ್ ಇಲ್ಲದ ಮನೆಗಳಲ್ಲಿ ಕೈಕೊಡುವ ಉಪಕರಣವೆಂದರೆ ಫ್ರಿಜ್. ಬೇಸಿಗೆಯ ಕಲಬುರಗಿ, ರಾಯಚೂರುಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಕರೆಂಟು ಹೋಗುತ್ತದೆ. ಅಲ್ಲಿ ಇನ್ಸುಲಿನ್ ಇಡಲು ನೀರು ಹಾಕಿ ತೇವವಾಗಿಟ್ಟ ಮಣ್ಣಿನ ಮಡಕೆ ಆಪದ್ಬಾಂಧವ. ಕೀನ್ಯಾದ ದಡಾಬ್ ನಿರಾಶ್ರಿತರ ಶಿಬಿರದ ಮನೆಗಳಲ್ಲಿ ಅಳೆದ ಉಷ್ಣಾಂಶವನ್ನೇ ಪ್ರಯೋಗಾಲಯದಲ್ಲಿ ಮರುಸೃಷ್ಟಿಸಿ ನಡೆಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. 25ರಿಂದ 37 ಡಿಗ್ರಿ ನಡುವೆ ಏರಿಳಿದರೂ ನಾಲ್ಕು ವಾರಗಳವರೆಗೆ ಇನ್ಸುಲಿನ್ ಸತ್ವ ಕಳೆದುಕೊಳ್ಳಲಿಲ್ಲ. ಸೆಖೆಗೆ ಹೆದರಿ ಬಾಟಲಿಯನ್ನು ಫ್ರೀಜರಿಗೆ ಹಾಕುವವರಿದ್ದಾರೆ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್, ಕರಗಿದ ಮೇಲೆ ನೋಡಲು ತಿಳಿಯಾಗಿದ್ದರೂ, ಬಳಕೆಗೆ ಬರುವುದಿಲ್ಲ, ಅದನ್ನು ಎಸೆಯಬೇಕು.