ಬೆಂಗಳೂರು ನೋಡ್ಬೇಕೋ, ‘ಜಾಗ’ ಹುಡುಕ್ಬೇಕೋ?

ಬೆಂಗಳೂರು ನೋಡಿ ಬಂದವರನ್ನು ಕೇಳಿ. ವಿಧಾನಸೌಧ ಎಲ್ಲಿ, ಲಾಲ್‌ಬಾಗ್ ಎಲ್ಲಿ ಎಂದು ಥಟ್ಟನೆ ಹೇಳಿಯಾರು. ‘ಒಂದಕ್ಕೆ’ ಹೋಗುವ ಜಾಗ ಎಲ್ಲಿದೆ ಅಂತ ಕೇಳಿದರೆ ಮಾತ್ರ ಮುಖ ಮುಖ ನೋಡ್ತಾರೆ. ನಾಚಿಕೆಯ ವಿಷಯ, ನಿಜ. ಆದರೆ ನಾಚಿಕೊಂಡು ಎಷ್ಟು ಹೊತ್ತು ತಡೆದುಕೊಳ್ಳೋದು ಸ್ವಾಮಿ?

ಮೊನ್ನೆ ತಾಯಿಯನ್ನೂ ಅತ್ತಿಗೆಯನ್ನೂ ಕರೆದುಕೊಂಡು ತುಮಕೂರಿನಿಂದ ಬೆಳಗಿನ ಬಸ್ಸು ಹತ್ತಿದೆ. 70 ಕಿಲೋಮೀಟರ್ ದಾರಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ. ತಾಯಿಗೆ ಸಕ್ಕರೆ ಕಾಯಿಲೆ. ಹೊರಡುವಾಗ ಕಾಫಿ ಬೇಡ ಅಂದರು, ನೀರೂ ಬೇಡ ಅಂದರು. ಯಾಕೆ ಅಂದರೆ, “ಅಲ್ಲಿ ಎಲ್ಲಿಗಪ್ಪಾ ಹೋಗೋದು?”

ಈ ಪ್ರಶ್ನೆಗೆ ಉತ್ತರ ಸಿಗಲು ಇಡೀ ದಿನ ಬೇಕಾಯಿತು.

240 ಎಕರೆ, ಆದರೆ...

ಲಾಲ್‌ಬಾಗು ಹೈದರಾಲಿ 1760ರಲ್ಲಿ ಶುರುಮಾಡಿದ ತೋಟ. ಈಗ 240 ಎಕರೆ. ಒಳಗೆ ಶೌಚಾಲಯ ಇಲ್ಲವೆಂದಲ್ಲ, ಇದೆ. ಆದರೆ ಬಂಡೆ ಹತ್ತಿ ನಿಂತ ಮುದುಕರಿಗೆ ಆತುರವಾದರೆ ಅಲ್ಲಿಗೆ ನಡೆಯುವಷ್ಟರಲ್ಲಿ ಪ್ರಾಣ ಹೋಗಿ ಬರುತ್ತೆ. ಸ್ವಾತಂತ್ರ್ಯ ದಿನ, ಗಣರಾಜ್ಯ ದಿನದ ಫಲಪುಷ್ಪ ಪ್ರದರ್ಶನಕ್ಕೆ ಹೋದರಂತೂ ಕ್ಯೂ ನೋಡಿಯೇ ಬೆವರಬೇಕು.

ಅಲ್ಲಿಂದ ಚಿಕ್ಕಪೇಟೆ. ಗಲ್ಲಿ ಗಲ್ಲಿಯಲ್ಲೂ ಸೀರೆ, ಪಾತ್ರೆ, ಬಳೆ. ಸಿಗದ ವಸ್ತು ಇಲ್ಲ, ಇದೊಂದು ಬಿಟ್ಟು! ಒಂದು ಅಂಗಡಿಯಲ್ಲಿ ಎರಡು ಗಂಟೆ ಕೂತು ನಾಲ್ಕು ಸೀರೆ ತಗೊಂಡ ಮೇಲೆ ಅತ್ತಿಗೆ ಮೆಲ್ಲಗೆ ಕೇಳಿದರು. “ಇಲ್ಲಮ್ಮ, ಅದು ಸ್ಟಾಫ್‌ಗೆ ಮಾತ್ರ” ಅಂದುಬಿಟ್ಟರು. ಸೀರೆ ಕೊಳ್ಳುವಾಗ ಅಕ್ಕ, ಕೊಂಡ ಮೇಲೆ ಯಾರೋ.

ಕೊನೆಗೆ ಒಂದು ಕಡೆ ಕಾಸು ಕೊಟ್ಟು ಹೋಗುವ ಶೌಚಾಲಯ ಸಿಕ್ಕಿತು. ಬೋರ್ಡಿನಲ್ಲಿ 5 ರೂಪಾಯಿ, ಬಾಗಿಲಲ್ಲಿ ಕೂತವನು ಕೇಳಿದ್ದು 10. ಗಂಡಸರು ಒಂದಕ್ಕೆ ಹೋದರೆ ಪುಕ್ಕಟೆ! ಬಸ್ಸು ಹೆಂಗಸರಿಗೆ ಪುಕ್ಕಟೆ, ಬಚ್ಚಲು ಗಂಡಸರಿಗೆ ಪುಕ್ಕಟೆ. ಇದ್ಯಾವ ಲೆಕ್ಕ?

ಕಾಸಿನ ಕಥೆ

ಕಾಸು ಕೊಡುವುದೇ ತಪ್ಪು ಅಂತ ಅಲ್ಲ. ಬಿಂದೇಶ್ವರ ಪಾಠಕ್ 1970ರಲ್ಲಿ ಬಿಹಾರದಲ್ಲಿ ಸುಲಭ್ ಸಂಸ್ಥೆ ಕಟ್ಟಿ, 1974ರಲ್ಲಿ ಪಟ್ನಾದಲ್ಲಿ ಈ ಪದ್ಧತಿ ತಂದರು. ಬಳಸಿದವರು ಕೊಟ್ಟ ಚಿಲ್ಲರೆಯಿಂದಲೇ ನೀರು, ದೀಪ, ಗುಡಿಸುವವರ ಕೂಲಿ ನಡೆಯಬೇಕು ಎಂಬ ಲೆಕ್ಕ. ಒಳ್ಳೆ ಲೆಕ್ಕವೇ. ಆದರೆ ಹೆಂಗಸರ ಕೈಯಿಂದ ಮಾತ್ರ ವಸೂಲು ಯಾಕೆ? ಮುಂಬೈಯಲ್ಲಿ 2011ರಲ್ಲಿ ಹೆಂಗಸರ ಸಂಘಟನೆಗಳು ಇದೇ ಪ್ರಶ್ನೆ ಹಿಡಿದು ಚಳವಳಿಗೆ ಇಳಿದವು. ನಾವಿನ್ನೂ ಚಿಲ್ಲರೆ ಹುಡುಕ್ತಾ ಇದ್ದೀವಿ.

ಹೋಗುವವರಿಗೆ ನಾಲ್ಕು ಮಾತು. ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಇಳಿದ ಕೂಡಲೇ, ಅವಸರ ಇರಲಿ ಬಿಡಲಿ, ಮುಗಿಸಿಕೊಂಡೇ ಹೊರಡಿ. ಹಲವು ಮೆಟ್ರೋ ನಿಲ್ದಾಣಗಳಲ್ಲಿ ಶೌಚಾಲಯವಿದೆ, ಕೇಳಿ ನೋಡಿ. ನಿಂತು ತಿನ್ನುವ ದರ್ಶಿನಿಗಿಂತ ಕೂತು ಉಣ್ಣುವ ಹೋಟೆಲಲ್ಲೇ ಊಟ ಮಾಡಿ. ಎರಡು ಕೆಲಸವೂ ಆಗುತ್ತೆ. ಜೇಬಲ್ಲಿ ಐದರ ನಾಣ್ಯ ಇರಲಿ. ಎಲ್ಲಕ್ಕಿಂತ ಮುಖ್ಯ, ನೀರು ಕುಡಿಯೋದು ನಿಲ್ಲಿಸಬೇಡಿ. ನೀರು ಬಿಟ್ಟು, ಬಂದದ್ದನ್ನೂ ತಡೆದುಕೊಂಡರೆ ಉರಿಮೂತ್ರ ಗ್ಯಾರಂಟಿ. ಸಕ್ಕರೆ ಕಾಯಿಲೆಯವರಿಗೆ ಇನ್ನೂ ಅಪಾಯ.

ನಮ್ಮೂರೇನು ಕಮ್ಮಿ?

ರಾತ್ರಿ ವಾಪಸು ಬಸ್ಸಿನಲ್ಲಿ ತಾಯಿ ಹೇಳಿದರು: “ಬೆಂಗಳೂರನ್ನ ಯಾಕೆ ಬೈತೀಯ? ನಮ್ಮ ಪೇಟೆಗೆ ಬರೋ ಹಳ್ಳಿ ಹೆಂಗಸರೂ ಹಿಂಗೇ ತಡ್ಕೊಂಡು ಹೋಗ್ತಾರೆ.”

ಮಾತು ನಾಟಿತು. ಮದುವೆ ಜವಳಿಗೆ ಬಂದ ಹೆಣ್ಣುಮಕ್ಕಳು ಅರ್ಧ ವ್ಯಾಪಾರಕ್ಕೇ “ಹೊತ್ತಾಯ್ತು” ಅಂತ ಎದ್ದು ಹೋಗೋದು ಬಸ್ಸಿಗಲ್ಲ, ಇದಕ್ಕೇ ಇರಬಹುದು. ಅಂಗಡಿ ಮಾಲೀಕರೇ, ಹಿಂದಿನ ಬಾಗಿಲ ಬೀಗದ ಕೈಯನ್ನು ಗಲ್ಲಾಪೆಟ್ಟಿಗೆ ಪಕ್ಕ ನೇತುಹಾಕಿ. ಗಿರಾಕಿ ಇನ್ನೊಂದು ಗಂಟೆ ಕೂರ್ತಾರೆ. ಪುರಸಭೆ, ಪಾಲಿಕೆಗಳು ಕಣ್ಣು ಬಿಡುವವರೆಗೆ ಅಷ್ಟಾದರೂ ಆಗಲಿ. ಏನಂತೀರಿ?